ನಿಲ್ದಾಣದ ಬಳಿಯ ರೈಲ್ವೆ ಗೇಟು

ರೈಲು ಹಳಿಯೂ ಸಾರ್ವಜನಿಕ ರಸ್ತೆಯೂ ಸೇತುವೆಯಿಲ್ಲದೆ ಒಂದೇ ಮಟ್ಟದಲ್ಲಿ ಅಡ್ಡಹಾಯುವ ಜಾಗಕ್ಕೆ ಲೆವೆಲ್ ಕ್ರಾಸಿಂಗ್ ಎಂದು ಹೆಸರು. ಕನ್ನಡ ನಾಡಿನ ಊರುಗಳಲ್ಲಿ ಅದು ರೈಲ್ವೆ ಗೇಟು. ಬಯಲಿನ ನಡುವೆ ಇರುವ ಗೇಟಿಗೂ ಪ್ಲಾಟ್‌ಫಾರ್ಮಿನ ತುದಿಗೆ ತಾಗಿದಂತಿರುವ ಗೇಟಿಗೂ ನೋಡಲು ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಕಡೆ ಪಟ್ಟೆ ಬಳಿದ ಅಡ್ಡಗೋಲು, ಒಂದು ಗೂಡಂಗಡಿಯಷ್ಟು ಗೇಟ್‌ಮನೆ, ಒಂದು ಫೋನು. ಆದರೆ ಅವು ನಡೆಯುವ ಬಗೆ ಬೇರೆ, ಅವುಗಳ ಮೇಲಿನ ಅಧಿಕಾರ ಬೇರೆ, ಅವುಗಳ ಮುಂದೆ ಜನ ಕಾಯಬೇಕಾದ ಕಾರಣವೂ ಬೇರೆ. ನಿಲ್ದಾಣದ ಬಳಿಯ ಗೇಟು ಮುಚ್ಚುವ ಹೊತ್ತನ್ನು ನಿರ್ಧರಿಸುವುದು ಸಿಗ್ನಲ್. ರೈಲು ಕಣ್ಣಿಗೆ ಬೀಳುವುದು ಆಮೇಲಿನ ಮಾತು. ಭಾರತೀಯ ರೈಲ್ವೆಯ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು, ಬ್ರಿಟನ್ ಮತ್ತು ಜಪಾನಿನ ಅನುಭವಗಳನ್ನು ಜೊತೆಗೆ ಸೇರಿಸಿ ಇಲ್ಲಿ ವಿವರಿಸಲಾಗಿದೆ.

ಗೇಟು ಯಾರ ಕೈಯಲ್ಲಿ

ಭಾರತದಲ್ಲಿ ಎರಡು ನಿಲ್ದಾಣಗಳ ನಡುವಿನ ಗೇಟುಗಳನ್ನು ಸಾಮಾನ್ಯವಾಗಿ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಹೀಗಾಗಿ ಅವು ‘ಎಂಜಿನಿಯರಿಂಗ್ ಗೇಟು’ಗಳು. ನಿಲ್ದಾಣದ ಸಿಗ್ನಲ್‌ಗಳ ಸರಹದ್ದಿನೊಳಗೆ ಬರುವವು ಹೆಚ್ಚಾಗಿ ‘ಟ್ರಾಫಿಕ್ ಗೇಟು’ಗಳು, ಅವು ಸಂಚಾರ ವಿಭಾಗಕ್ಕೆ ಸೇರಿ, ಸ್ಟೇಷನ್ ಮಾಸ್ಟರ್ ಮಾತಿನಂತೆ ನಡೆಯುತ್ತವೆ. ಲೋಕೋ ಪೈಲಟ್‌ಗೆ ಈ ಭೇದ ಸಿಗ್ನಲ್ ಕಂಬದಲ್ಲೇ ಕಾಣುತ್ತದೆ. ಬಯಲಿನ ಗೇಟನ್ನು ಕಾಯುವ ಗೇಟ್ ಸಿಗ್ನಲ್‌ನ ಕಂಬದ ಮೇಲೆ ಹಳದಿ ಬಿಲ್ಲೆಯೊಂದರಲ್ಲಿ ‘ಜಿ’ ಅಕ್ಷರ ಬರೆದಿರುತ್ತದೆ. ಅಂಥ ಸಿಗ್ನಲ್ ಕೆಂಪಾಗಿದ್ದರೆ ಲೋಕೋ ಪೈಲಟ್ ಸೀಟಿ ಹಾಕಿ ಹಗಲಾದರೆ 1 ನಿಮಿಷ, ರಾತ್ರಿಯಾದರೆ 2 ನಿಮಿಷ ನಿಂತು, ಆಮೇಲೆ ಎಚ್ಚರದಿಂದ ಗೇಟಿನವರೆಗೆ ಬಂದು, ಗೇಟ್‌ಮನ್ ಕೈಸನ್ನೆ ತೋರಿದರೆ ದಾಟಬಹುದು. ನಿಲ್ದಾಣದೊಳಗೆ ಬಿಡುವ ಹೋಮ್ ಸಿಗ್ನಲ್ ಅಥವಾ ಹೊರಡಲು ಬಿಡುವ ಸ್ಟಾರ್ಟರ್ ಸಿಗ್ನಲ್ ಕೆಂಪಾಗಿದ್ದರೆ ಈ ಸವಲತ್ತು ಇಲ್ಲ. ಅದನ್ನು ದಾಟಬೇಕಾದರೆ ಸ್ಟೇಷನ್ ಮಾಸ್ಟರ್‌ನ ಅಧಿಕೃತ ಅನುಮತಿ ಬೇಕೇ ಬೇಕು. ಯಾಕೆಂದರೆ ಆ ಸಿಗ್ನಲ್ ಕಾಯುತ್ತಿರುವುದು ಗೇಟನ್ನು ಮಾತ್ರವಲ್ಲ. ಗಾಡಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳನ್ನು, ಇನ್ನೊಂದು ಸಾಲಿನಲ್ಲಿ ನಿಂತ ಗಾಡಿಯನ್ನು, ಎದುರಿನಿಂದ ಬರುವ ಗಾಡಿಯನ್ನೂ ಅದೇ ಕಾಯುತ್ತಿರುತ್ತದೆ.

ಮುಚ್ಚುವ ಕ್ರಮ

ಇಂಟರ್‌ಲಾಕ್ ಆದ, ಅಂದರೆ ಸಿಗ್ನಲ್ ಮತ್ತು ಅಡ್ಡಗೋಲು ಒಂದಕ್ಕೊಂದು ಬಿಗಿದುಕೊಂಡಿರುವ ಗೇಟಿನಲ್ಲಿ ಕೆಲಸ ಹೀಗೆ ಸಾಗುತ್ತದೆ. ಹಿಂದಿನ ನಿಲ್ದಾಣ ಗಾಡಿ ಕಳಿಸಲು ‘ಲೈನ್ ಕ್ಲಿಯರ್’ ಎಂಬ ಒಪ್ಪಿಗೆ ಕೇಳುತ್ತದೆ. ಸಾಲು ಖಾಲಿಯಿದ್ದರೆ ಸ್ಟೇಷನ್ ಮಾಸ್ಟರ್ ಕೊಡುತ್ತಾನೆ. ಗಾಡಿ ಹೊರಟ ಸುದ್ದಿ ಬಂದ ಮೇಲೆ, ಅದು ತಲುಪುವ ಹೊತ್ತು ನೋಡಿಕೊಂಡು ಗೇಟ್‌ಮನೆಗೆ ಫೋನ್ ಮಾಡಿ ಗೇಟು ಹಾಕಲು ಹೇಳುತ್ತಾನೆ. ಗೇಟ್‌ಮನ್ ರಸ್ತೆಯ ಎರಡೂ ಕಡೆ ನೋಡಿ, ಹಳಿಯ ಮೇಲೆ ಯಾವ ವಾಹನವೂ ಸಿಕ್ಕಿಕೊಂಡಿಲ್ಲ ಎಂಬುದನ್ನು ಖಚಿತ ಮಾಡಿಕೊಂಡು, ವಿಂಚ್ ತಿರುಗಿಸಿ ಅಡ್ಡಗೋಲು ಇಳಿಸುತ್ತಾನೆ. ಹೊಸ ಗೇಟುಗಳಲ್ಲಿ ವಿದ್ಯುತ್ ಮೋಟಾರಿಗೆ ಒಂದು ಗುಂಡಿ ಒತ್ತಿದರೆ ಸಾಕು. ಗೋಲು ಪೂರ್ತಿ ಇಳಿದು ಕೊಂಡಿಗೆ ಬಿದ್ದು ಬೀಗ ಕೂತ ಮೇಲಷ್ಟೇ ಅದರ ಬೀಗದ ಕೈ ಹೊರಬರುತ್ತದೆ. ಗೇಟ್‌ಮನ್ ಆ ಕೈಯನ್ನು ತನ್ನ ಗೂಡಿನಲ್ಲಿರುವ ಕೀ ಟ್ರಾನ್ಸ್‌ಮಿಟರ್‌ಗೆ ಹಾಕಿ ತಿರುಗಿಸಿದಾಗ ಸ್ಟೇಷನ್ ಮಾಸ್ಟರ್‌ನ ಪ್ಯಾನೆಲ್ಲಿನಲ್ಲಿ ಗೇಟು ಮುಚ್ಚಿದೆಯೆಂಬ ದೀಪ ಹತ್ತುತ್ತದೆ. ಅದಾದ ಮೇಲೆ ಮಾತ್ರ ದಾರಿ ಹಾಕಿ ಸಿಗ್ನಲ್ ಕೊಡಲು ಸಾಧ್ಯ.

ಸಿಗ್ನಲ್ ಕೊಟ್ಟ ಕ್ಷಣದಿಂದ ಆ ಬೀಗದ ಕೈ ಸೆರೆಯಾಗುತ್ತದೆ. ಗೇಟ್‌ಮನ್ ಬಯಸಿದರೂ ಗೇಟು ತೆಗೆಯಲಾಗದು. ಸ್ಟೇಷನ್ ಮಾಸ್ಟರ್ ಕೂಡ ಒಮ್ಮೆಗೇ ಬಿಡಿಸಲಾರ. ಸಿಗ್ನಲ್ಲನ್ನು ಮತ್ತೆ ಕೆಂಪಿಗೆ ತಿರುಗಿಸಿ, ಗಾಡಿ ಹತ್ತಿರ ಬಂದುಬಿಟ್ಟಿರಬಹುದೆಂಬ ಎಚ್ಚರಿಕೆಗಾಗಿ ಸಾಮಾನ್ಯವಾಗಿ 120 ಸೆಕೆಂಡು ಕಾದ ಮೇಲೆ ದಾರಿ ಬಿಡುಗಡೆಯಾಗುತ್ತದೆ. ಆ್ಯಂಬುಲೆನ್ಸ್ ನಿಂತಿದೆ, ಸ್ವಲ್ಪ ತೆಗೆಯಿರಿ ಎಂದು ಜನ ಗೇಟ್‌ಮನ್‌ನ ಮೇಲೆ ರೇಗುವುದನ್ನು ಎಷ್ಟೋ ಊರುಗಳಲ್ಲಿ ಕಾಣಬಹುದು. ಆ ಮನುಷ್ಯನ ಕೈಯಲ್ಲಿ ಆಗ ಏನೂ ಇರುವುದಿಲ್ಲ. ಇಡೀ ವ್ಯವಸ್ಥೆಯನ್ನು ಕಟ್ಟಿರುವುದೇ ಅವನ ಕೈಯಲ್ಲಿ ಏನೂ ಇರದಂತೆ ಮಾಡಲು, ಮತ್ತು ಅದು ಅವನಿಗೂ ರಸ್ತೆಯವರಿಗೂ ರಕ್ಷೆ.

ಗಾಡಿಯ ಕೊನೆಯ ಡಬ್ಬಿ ಗೇಟು ದಾಟಿತೆಂಬುದನ್ನು ಟ್ರ್ಯಾಕ್ ಸರ್ಕ್ಯೂಟ್ ಅಥವಾ ಆ್ಯಕ್ಸಲ್ ಕೌಂಟರ್ ದೃಢಪಡಿಸುತ್ತದೆ. ಮೊದಲನೆಯದು ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಗಾಲಿಗಳು ಒಂದು ಹಳಿಯಿಂದ ಇನ್ನೊಂದಕ್ಕೆ ಹರಿಸಿಬಿಡುವುದರ ಮೇಲೆ ನಡೆಯುತ್ತದೆ. ಎರಡನೆಯದು ಒಳಬಂದ ಅಚ್ಚುಗಳನ್ನೂ ಹೊರಹೋದ ಅಚ್ಚುಗಳನ್ನೂ ಎಣಿಸಿ ತಾಳೆ ನೋಡುತ್ತದೆ. ತಾಳೆಯಾದರೆ ಬೀಗ ಬಿಡುಗಡೆ, ಗೇಟು ಮೇಲೆ.

ಗಾಡಿ ನಿಂತಿದೆ, ಗೇಟೇಕೆ ಮುಚ್ಚಿದೆ

ನಿಲ್ದಾಣದ ಗೇಟಿನ ಬಗ್ಗೆ ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎದುರಿಗೇ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಿರುತ್ತದೆ, ಚಹಾ ಮಾರುವವರು ಓಡಾಡುತ್ತಿರುತ್ತಾರೆ, ಗಾಡಿ ಕದಲುವ ಲಕ್ಷಣವಿಲ್ಲ. ಆದರೂ ಗೇಟು ಮುಚ್ಚಿಯೇ ಇರುತ್ತದೆ. ಉತ್ತರವಿರುವುದು ‘ಓವರ್‌ಲ್ಯಾಪ್’ ಎಂಬ ಏರ್ಪಾಡಿನಲ್ಲಿ. ನಿಲ್ದಾಣಕ್ಕೆ ಬರುವ ಗಾಡಿ ಪ್ಲಾಟ್‌ಫಾರ್ಮಿನ ಮುಂದಿನ ತುದಿಯಲ್ಲಿರುವ ಸ್ಟಾರ್ಟರ್ ಸಿಗ್ನಲ್ ಹತ್ತಿರ ನಿಲ್ಲಬೇಕು. ಬ್ರೇಕು ತುಸು ತಡವಾಗಿ ಹಿಡಿದರೆ, ಮಳೆಗೆ ಹಳಿ ಜಾರಿದರೆ, ಗಾಡಿ ಅದನ್ನು ದಾಟಿ ಮುಂದೆ ಹೋಗಿಬಿಡಬಹುದು. ಅದಕ್ಕೆಂದೇ ಆ ಸಿಗ್ನಲ್‌ನಾಚೆ ಒಂದಿಷ್ಟು ದೂರ ಹಳಿಯನ್ನು ತೆರವಾಗಿಟ್ಟಿರುತ್ತಾರೆ. ಭಾರತದಲ್ಲಿ ಬಹುಬಣ್ಣದ ಸಿಗ್ನಲ್‌ಗಳಿರುವಲ್ಲಿ ಈ ದೂರ 120 ಮೀಟರ್, ಹಳೆಯ ಕೈಮರದ ಎರಡು ಸ್ಥಿತಿಯ ಸಿಗ್ನಲ್‌ಗಳಿರುವಲ್ಲಿ 180 ಮೀಟರ್. ಗೇಟು ಈ ದೂರದೊಳಗೆ ಬಿದ್ದರೆ, ಗಾಡಿ ಒಳಬರಲು ಹೋಮ್ ಸಿಗ್ನಲ್ ಕೊಡುವ ಮೊದಲೇ ಅದೂ ಮುಚ್ಚಬೇಕು. ಗಾಡಿ ನಿಂತು, ಓವರ್‌ಲ್ಯಾಪ್ ಬಿಡುಗಡೆಯಾದ ಮೇಲೆ ಗೇಟು ತೆಗೆಯಬಹುದು, ನಿಜ. ಆದರೆ 2 ನಿಮಿಷದಲ್ಲೇ ಅದೇ ಗಾಡಿ ಹೊರಡಬೇಕಿದ್ದರೆ, ತೆಗೆದರೂ ಎದುರುಬದುರಾದ ವಾಹನಗಳ ಸಾಲು ಕರಗುವ ಮೊದಲೇ ಮತ್ತೆ ಹಾಕಬೇಕಾಗುತ್ತದೆ. ಅರ್ಧ ದಾಟಿದ ಲಾರಿಯೊಂದು ಹಳಿಯ ಮೇಲೆ ನಿಂತಿತೆಂದರೆ ಸ್ಟಾರ್ಟರ್ ಕೊಡುವಂತೆಯೇ ಇಲ್ಲ. ಅನುಭವಿ ಸ್ಟೇಷನ್ ಮಾಸ್ಟರ್‌ಗಳು ಹಲವು ಸಲ ಮುಚ್ಚಿಟ್ಟೇ ಬಿಡುವುದು ಇದೇ ಕಾರಣಕ್ಕೆ.

ಗೇಟು ಗಾಡಿ ಬರುವ ಕಡೆಯಲ್ಲಿದ್ದರೆ ಲೆಕ್ಕ ಬೇರೆ. ಗಾಡಿ ಗೇಟನ್ನು ದಾಟಿಯೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಬಾಲ ಒಳಬಂದ ಮೇಲೆ ಗೇಟು ತೆಗೆಯಬಹುದು. ತೊಡಕಾಗುವುದು ಬಾಲ ಪೂರ್ತಿ ಒಳಬಾರದಾಗ. ಉದ್ದದ ಗೂಡ್ಸ್ ಗಾಡಿ ಸುಮಾರು 650–700 ಮೀಟರ್ ಇರುತ್ತದೆ. ಗಾಡಿಗಳನ್ನು ಬದಿಗೆ ನಿಲ್ಲಿಸುವ ಲೂಪ್ ಸಾಲು ಅದಕ್ಕಿಂತ ಚಿಕ್ಕದಿದ್ದರೆ ಹಿಂದಿನ ವ್ಯಾಗನ್‌ಗಳು ರಸ್ತೆಯ ಮೇಲೇ ಉಳಿಯುತ್ತವೆ.

ಒಂಟಿ ಹಳಿಯ ಮಾರ್ಗಗಳಲ್ಲಿ ಕ್ರಾಸಿಂಗ್ ಎಂಬುದು ಇನ್ನೊಂದು ಪರೀಕ್ಷೆ. ಒಂದು ಗಾಡಿ ಲೂಪಿನಲ್ಲಿ ನಿಂತು ಎದುರಿನ ಗಾಡಿಗೆ ದಾರಿ ಬಿಡಬೇಕು. ಗೇಟು ಮೊದಲ ಗಾಡಿ ಒಳಬರಲು ಮುಚ್ಚುತ್ತದೆ, ಎರಡನೆಯದು ಹಾದುಹೋಗಲು ಮುಚ್ಚಿರುತ್ತದೆ, ಮೊದಲನೆಯದು ಹೊರಡಲು ಮತ್ತೆ ಮುಚ್ಚುತ್ತದೆ. ರಸ್ತೆಯಲ್ಲಿ ನಿಂತವನಿಗೆ ಮೂರೂ ಸೇರಿ ಒಂದೇ ದೀರ್ಘ ಕಾಯುವಿಕೆ. ಇದರ ಮೇಲೆ ಶಂಟಿಂಗ್ ಬೇರೆ: ಎಂಜಿನ್ ತಿರುಗಿಸುವುದು, ಡಬ್ಬಿ ಸೇರಿಸುವುದು, ಖಾಲಿ ರೇಕನ್ನು ಯಾರ್ಡಿಗೆ ಎಳೆಯುವುದು. ಮಂಗಳೂರು ಸೆಂಟ್ರಲ್ ನಿಲ್ದಾಣದ ಮಗ್ಗುಲಿನ ಪಾಂಡೇಶ್ವರ ಗೇಟನ್ನು ಬಲ್ಲವರಿಗೆ ಈ ಕೊನೆಯದನ್ನು ವಿವರಿಸಬೇಕಿಲ್ಲ.

ವೇಗದ ಗಾಡಿಗಳ ವಿಷಯದಲ್ಲಿ ಗೇಟು ಬೇಗ ಮುಚ್ಚಬೇಕಾದುದಕ್ಕೆ ದೂರದ ಲೆಕ್ಕವೇ ಕಾರಣ. ಗಂಟೆಗೆ 110 ಕಿ.ಮೀ. ವೇಗದ ಗಾಡಿ ಒಂದು ನಿಮಿಷಕ್ಕೆ 1.8 ಕಿ.ಮೀ. ಸಾಗುತ್ತದೆ. ಹೋಮ್ ಸಿಗ್ನಲ್‌ಗೆ 1 ಕಿ.ಮೀ. ಮೊದಲೇ ಡಿಸ್ಟೆಂಟ್ ಸಿಗ್ನಲ್ ಇರುತ್ತದೆ, ಮುಖ್ಯ ಮಾರ್ಗಗಳಲ್ಲಿ 2 ಕಿ.ಮೀ. ಮೊದಲು ಇನ್ನೊಂದು. ನಿಲ್ಲದೆ ಹೋಗುವ ಗಾಡಿ ಬ್ರೇಕಿಗೆ ಕೈ ಹಾಕದಿರಬೇಕಾದರೆ ಆ ಮೊದಲ ಸಿಗ್ನಲ್ಲೇ ಹಸಿರು ತೋರಬೇಕು. ಅಂದರೆ ಗಾಡಿ ಇನ್ನೂ ಊರಾಚೆಯ ಹೊಲಗಳ ನಡುವೆ ಇರುವಾಗಲೇ ಗೇಟು ಮುಚ್ಚಿ, ಬೀಗ ಬಿದ್ದು, ದಾರಿ ಸಿದ್ಧವಾಗಿರಬೇಕು.

ಬ್ರಿಟನ್ನಿನ ಸಿಗ್ನಲ್ ಎಂಜಿನಿಯರ್‌ಗಳು ಈ ಕಾಯುವಿಕೆಯನ್ನು ಕಡಿಮೆ ಮಾಡಲು ಒಳ್ಳೆಯ ಉಪಾಯವೊಂದನ್ನು ಬೆಳೆಸಿದ್ದಾರೆ. ಪ್ಲಾಟ್‌ಫಾರ್ಮಿನಾಚೆ ಗೇಟಿರುವ ಕಡೆ, ಬರುತ್ತಿರುವ ಗಾಡಿ ನಿಲ್ಲುವುದೋ ನಿಲ್ಲದೆ ಹೋಗುವುದೋ ಎಂಬುದನ್ನು ವ್ಯವಸ್ಥೆಗೆ ಮೊದಲೇ ತಿಳಿಸಲಾಗುತ್ತದೆ. ನಿಲ್ಲದ ಗಾಡಿಗೆ ಗೇಟು ದೂರದಿಂದಲೇ ಮುಚ್ಚತೊಡಗುತ್ತದೆ. ನಿಲ್ಲುವ ಗಾಡಿಗಾದರೆ ಪ್ಲಾಟ್‌ಫಾರ್ಮಿನ ಕೊನೆಯ ಸಿಗ್ನಲ್ಲನ್ನು ಕೆಂಪಾಗಿಟ್ಟು, ಹೊರಡುವ ಹೊತ್ತು ಹತ್ತಿರವಾದಾಗಷ್ಟೇ ಮುಚ್ಚುತ್ತಾರೆ. ಗೇಟ್‌ಮನ್ ಇಲ್ಲದೆ ತಾನೇ ಇಳಿಯುವ ಅರ್ಧಗೋಲಿನ ಗೇಟುಗಳಲ್ಲಿ ದೀಪ ಹತ್ತಿದ ಮೇಲೆ ಗಾಡಿ ಬರಲು ಕನಿಷ್ಠ 27 ಸೆಕೆಂಡು ಅಂತರ ಇಡುವುದು ಅಲ್ಲಿನ ರೂಢಿ. ಬಹಳ ಹೊತ್ತು ಕಾಯಿಸಿದರೆ ಜನ ಅಡ್ಡಗೋಲನ್ನು ಬಳಸಿ ನುಗ್ಗುತ್ತಾರೆ ಎಂಬುದು ಆ ಲೆಕ್ಕದ ಹಿಂದಿನ ತಿಳಿವಳಿಕೆ. ಭಾರತದ ನಿಲ್ದಾಣಗಳಲ್ಲೂ ಈ ಬಗೆಯ ವಿಂಗಡಣೆಗೆ ಅವಕಾಶವಿದೆ, ಅದಕ್ಕೆ ಬೇಕಾದ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಹಲವು ಕಡೆ ಬಂದೂ ಆಗಿದೆ. ಕಾಯುವಿಕೆಯನ್ನೂ ಸುರಕ್ಷೆಯ ವಿಷಯವಾಗಿಯೇ ನೋಡುವ ಮನಸ್ಸು ಯೋಜನೆ ರೂಪಿಸುವವರಿಗೆ ಬರಬೇಕು.

ಹಿನ್ನೆಲೆ

ರೈಲು ಬಂದ ಮೊದಲ ದಶಕಗಳಲ್ಲಿ ಗೇಟು ಎಂದರೆ ರಸ್ತೆಗೂ ಹಳಿಗೂ ಅಡ್ಡವಾಗಿ ಆಡುವ ಮರದ ಬಾಗಿಲು. ಬ್ರಿಟನ್ನಿನ 1845ರ ರೈಲ್ವೆ ಕಾಯಿದೆಯೊಂದು ಸಾರ್ವಜನಿಕ ರಸ್ತೆಗಳ ಮೇಲೆ ಗೇಟು ಹಾಕಿ, ಕಾಯಲು ಆಳಿಡಬೇಕೆಂದೂ ಗೇಟು ಸಾಮಾನ್ಯವಾಗಿ ರಸ್ತೆಗೆ ಅಡ್ಡವಾಗಿ ಮುಚ್ಚಿರಬೇಕೆಂದೂ ವಿಧಿಸಿತು. ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪಾಯಿಂಟು ಮತ್ತು ಸಿಗ್ನಲ್‌ಗಳನ್ನು ಒಂದಕ್ಕೊಂದು ಬಿಗಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಗೇಟೂ ಆ ಬಿಗಿತದೊಳಕ್ಕೆ ಸೇರಿದ್ದು ಅದೇ ವಿಚಾರದ ಮುಂದುವರಿಕೆ. ಇಂದು ಭಾರತದಲ್ಲಿ ರಸ್ತೆ ಸಂಚಾರ ಹೆಚ್ಚಿರುವ ಗೇಟುಗಳು ಸಾಮಾನ್ಯ ಸ್ಥಿತಿಯಲ್ಲಿ ರಸ್ತೆಗೆ ತೆರೆದೇ ಇರುತ್ತವೆ. ಗೇಟಿನ ದರ್ಜೆ ನಿರ್ಧಾರವಾಗುವುದು ದಿನದ ಗಾಡಿಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಸಂಖ್ಯೆಯಿಂದ ಗುಣಿಸಿ ಬರುವ ಟಿವಿಯು ಎಂಬ ಅಂಕಿಯಿಂದ. ಮೋಟಾರು ವಾಹನಕ್ಕೂ ಎತ್ತಿನ ಗಾಡಿಗೂ ಒಂದೊಂದು ಅಂಕ, ಆಟೋರಿಕ್ಷಾಕ್ಕೆ ಅರ್ಧ.

ಮನುಷ್ಯನ ಕೈ, ಯಂತ್ರದ ಬೀಗ

ಬೀಗವನ್ನು ಮನುಷ್ಯನ ವಿವೇಚನೆಗೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಟೋಕಿಯೊದ ಅದಾಚಿ ವಾರ್ಡಿನ ತಾಕೆನೊಟ್ಸುಕಾ ನಿಲ್ದಾಣದ ಗೇಟು ಮರೆಯಬಾರದ ಉದಾಹರಣೆ. ತೋಬು ರೈಲ್ವೆಯ ಈ ಮಾರ್ಗದಲ್ಲಿ ಗಾಡಿಗಳ ಸಂಖ್ಯೆ ಎಷ್ಟಿತ್ತೆಂದರೆ ದಟ್ಟಣೆಯ ಹೊತ್ತಿನಲ್ಲಿ ಗೇಟು ಗಂಟೆಯ ಬಹುಪಾಲು ಮುಚ್ಚಿಯೇ ಇರುತ್ತಿತ್ತು. ಯಂತ್ರಕ್ಕೆ ಬಿಟ್ಟರೆ ಇನ್ನೂ ಹೆಚ್ಚು ಹೊತ್ತು ಮುಚ್ಚಿರುತ್ತದೆಂದು ಅಲ್ಲಿ ಕೈಯಿಂದಲೇ ಗೇಟು ನಡೆಸುತ್ತಿದ್ದರು. ಗಾಡಿ ಹತ್ತಿರವಿದ್ದಾಗ ಅಡ್ಡಗೋಲು ಏರದಂತೆ ಬೀಗವಿತ್ತು. ಆದರೆ ಕಾಯುವ ಜನರ ಒತ್ತಡಕ್ಕೆ ಅದನ್ನು ಬಿಡಿಸಿ, ಎರಡು ಗಾಡಿಗಳ ಸಣ್ಣ ಸಂದಿನಲ್ಲಿ ಜನರನ್ನು ದಾಟಿಸುವ ರೂಢಿ ಬೆಳೆದಿತ್ತು. 2005ರ ಮಾರ್ಚ್ 15ರ ಸಂಜೆ, ಗಾಡಿಯೊಂದು ಬರುತ್ತಿದ್ದಾಗಲೇ ಗೋಲು ಮೇಲೇರಿತು. ದಾಟುತ್ತಿದ್ದ ಇಬ್ಬರು ಮಹಿಳೆಯರು ಸತ್ತರು, ಇಬ್ಬರು ಗಾಯಗೊಂಡರು. ಕಾವಲುಗಾರ ಜನರಿಗೆ ಉಪಕಾರ ಮಾಡಲು ಹೋಗಿದ್ದ ಎಂಬುದೇ ಇದರಲ್ಲಿ ಎದೆ ಹಿಂಡುವ ಸಂಗತಿ. ಆ ಗೇಟನ್ನು ಅದೇ ವರ್ಷ ಸ್ವಯಂಚಾಲಿತಗೊಳಿಸಿದರು, ಕೊನೆಗೆ ಹಳಿಯನ್ನೇ ಮೇಲಕ್ಕೆತ್ತಿದರು. ಆ ಕೆಲಸ 2022ರಲ್ಲಿ ಪೂರ್ಣವಾಯಿತು. ದಟ್ಟಣೆಯ ಒಂದು ಗಂಟೆಯಲ್ಲಿ 40 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿರುವ ಗೇಟುಗಳನ್ನು ಜಪಾನ್ ಒಂದು ಪ್ರತ್ಯೇಕ ವರ್ಗವಾಗಿಯೇ ಗುರುತಿಸುತ್ತದೆ.

ಅದೇ 2005ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಎಲ್ಸೆನ್‌ಹ್ಯಾಮ್ ನಿಲ್ದಾಣದಲ್ಲಿ ನಡೆದದ್ದು ಪ್ಲಾಟ್‌ಫಾರ್ಮಿನ ಬಳಿಯ ಗೇಟಿಗೇ ವಿಶಿಷ್ಟವಾದ ಅಪಾಯವನ್ನು ತೋರಿಸುತ್ತದೆ. ಟಿಕೆಟ್ ಕೊಡುವ ಜಾಗ ಹಳಿಯ ಒಂದು ಬದಿಯಲ್ಲಿ, ಗಾಡಿ ಹಿಡಿಯುವ ಪ್ಲಾಟ್‌ಫಾರ್ಮು ಹಳಿಯಾಚೆ. ವಾಹನಗಳ ಗೇಟಿಗೆ ಬೀಗವಿತ್ತು, ಪಾದಚಾರಿಗಳ ಚಿಕ್ಕ ಬಾಗಿಲಿಗೆ ಇರಲಿಲ್ಲ. ಇಬ್ಬರು ಹುಡುಗಿಯರು ತಮ್ಮ ಗಾಡಿ ಹಿಡಿಯಲು ಚಿಕ್ಕ ಬಾಗಿಲು ತೆರೆದು ಹಳಿಗಿಳಿದರು. ಇನ್ನೊಂದು ದಿಕ್ಕಿನಿಂದ ಬಂದ ಗಾಡಿ ಇಬ್ಬರನ್ನೂ ಬಲಿ ತೆಗೆದುಕೊಂಡಿತು. ಕೆಂಪು ದೀಪ ಉರಿಯುತ್ತಲೇ ಇತ್ತು, ಎಚ್ಚರಿಕೆಯ ದನಿ ಕೂಗುತ್ತಲೇ ಇತ್ತು. ತನ್ನ ಗಾಡಿ ಕಣ್ಣೆದುರಿಗಿರುವಾಗ ಆ ದೀಪ ಅದಕ್ಕಾಗಿಯೇ ಉರಿಯುತ್ತಿದೆಯೆಂದು ಯಾರಿಗಾದರೂ ಅನಿಸುತ್ತದೆ. ಎರಡನೆಯ ಗಾಡಿ ಕಾಣುವುದಿಲ್ಲ. ಆಮೇಲೆ ಅಲ್ಲಿ ಚಿಕ್ಕ ಬಾಗಿಲಿಗೂ ಬೀಗ ಬಂತು, ಪಾದಚಾರಿ ಸೇತುವೆ ಬಂತು. 2012ರಲ್ಲಿ ನೆಟ್‌ವರ್ಕ್ ರೈಲ್ ಸಂಸ್ಥೆಗೆ 10 ಲಕ್ಷ ಪೌಂಡ್ ದಂಡ ವಿಧಿಸಲಾಯಿತು. ನಮ್ಮ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮಿನ ತುದಿಯಿಂದ ಹಳಿಗಿಳಿಯುವ ಟ್ರಾಲಿ ದಾರಿಗಳಿವೆ. ಅವು ಸಾಮಾನು ಸಾಗಿಸಲು ಇರುವಂಥವು. ಪ್ರಯಾಣಿಕರು ಅಲ್ಲಿ ದಾಟುವುದು ಕಾನೂನಿಗೆ ವಿರುದ್ಧ. ಅದಕ್ಕೂ ಮಿಗಿಲಾಗಿ, ಅಪಾಯ ಎಲ್ಸೆನ್‌ಹ್ಯಾಮಿನದೇ.

ಇಂಟರ್‌ಲಾಕ್ ಆಗದ ಗೇಟಿನಲ್ಲಿ ಸಿಗ್ನಲ್‌ಗೂ ಅಡ್ಡಗೋಲಿಗೂ ಸಂಬಂಧವಿಲ್ಲ. ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಗಾಡಿಯ ಸಂಖ್ಯೆ ಹೇಳುತ್ತಾನೆ, ಗೇಟ್‌ಮನ್ ಗೇಟು ಹಾಕಿ ತನ್ನ ಪುಸ್ತಕದಲ್ಲಿರುವ ಒಂದು ಪ್ರೈವೇಟ್ ನಂಬರ್ ಓದುತ್ತಾನೆ. ಆ ನಂಬರನ್ನು ಬರೆದುಕೊಂಡರೆ ಗೇಟು ಮುಚ್ಚಿದೆಯೆಂದು ಅರ್ಥ. ಇಡೀ ಸುರಕ್ಷೆ ಒಂದು ಮಾತಿನ ಮೇಲೆ ನಿಂತಿರುತ್ತದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮನ್‌ಕುಪ್ಪಂನಲ್ಲಿ ಇಂಥ ಗೇಟೊಂದರಲ್ಲಿ ಶಾಲಾ ವಾಹನಕ್ಕೆ ಗಾಡಿ ಬಡಿದು ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅದಾದ ಕೆಲವೇ ದಿನಗಳಲ್ಲಿ ರೈಲ್ವೆ ಸಚಿವಾಲಯ, ಇಂಟರ್‌ಲಾಕಿಂಗ್‌ಗೆ ಬೇಕಾದ ಟಿವಿಯು ಮಿತಿಯನ್ನು 20,000ದಿಂದ 10,000ಕ್ಕೆ ಇಳಿಸಿತು. ಗೇಟುಗಳಲ್ಲಿ ಸಿಸಿಟಿವಿ ಹಾಕಲೂ ಫೋನ್ ಸಂಭಾಷಣೆಯ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಲೂ ಆದೇಶಿಸಿತು.

ಹಾಗೆಂದು ಬೀಗಕ್ಕೆ ತಪ್ಪೇ ಇಲ್ಲವೆಂದಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಸಾಲಿನ ಹಸಿರು ಸಿಗ್ನಲ್ ಸಿಕ್ಕಿತು, ಪಾಯಿಂಟು ಮಾತ್ರ ಲೂಪಿಗೆ ಇತ್ತು. ಗಾಡಿ ನಿಂತ ಗೂಡ್ಸ್‌ಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷಾ ಆಯುಕ್ತರ ತನಿಖೆ ಬೊಟ್ಟುಮಾಡಿದ್ದು ಅದೇ ನಿಲ್ದಾಣದ 94ನೇ ನಂಬರಿನ ಗೇಟಿನ ಕಡೆಗೆ. ಆ ಗೇಟಿನ ವಿದ್ಯುತ್ ಅಡ್ಡಗೋಲನ್ನು ಬದಲಾಯಿಸುವ ಸಿಗ್ನಲ್ ಕೆಲಸದಲ್ಲಿ ಆದ ಲೋಪಗಳು, ಹಿಂದೆಂದೋ ಸರ್ಕ್ಯೂಟಿನಲ್ಲಿ ಮಾಡಿದ್ದ ಬದಲಾವಣೆಯ ತಪ್ಪಿನೊಂದಿಗೆ ಸೇರಿ, ಪಾಯಿಂಟಿನ ಸುಳ್ಳು ಸೂಚನೆಯನ್ನು ಪ್ಯಾನೆಲ್ಲಿಗೆ ಕೊಟ್ಟಿದ್ದವು. ಊರ ಜನ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವ ಒಂದು ಅಡ್ಡಗೋಲಿನ ತಂತಿ, ಗಂಟೆಗೆ ನೂರಕ್ಕೂ ಹೆಚ್ಚು ಕಿ.ಮೀ. ವೇಗದ ಗಾಡಿಯ ದಾರಿಯ ಜೊತೆ ಎಷ್ಟು ಹೆಣೆದುಕೊಂಡಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಕೆಟ್ಟಾಗ

ಅವಸರದ ವಾಹನವೊಂದು ಇಳಿಯುತ್ತಿರುವ ಗೋಲಿಗೆ ಗುದ್ದಿ ಮುರಿಯುವುದು ಎಲ್ಲೆಡೆ ಸಾಮಾನ್ಯ. ಗೋಲು ಮುರಿದರೆ ಬೀಗ ಕೂರುವುದಿಲ್ಲ, ಸಿಗ್ನಲ್ ಬರುವುದಿಲ್ಲ, ಗಾಡಿಗಳು ಹೊರಗೆ ನಿಲ್ಲುತ್ತವೆ. ಇದಕ್ಕಾಗಿ ಹಲವು ಗೇಟುಗಳಲ್ಲಿ ಬದಿಯಿಂದ ಜಾರಿಸುವ ಎರಡನೆಯ ಗೋಲೊಂದನ್ನು ಇಟ್ಟಿರುತ್ತಾರೆ; ಅದನ್ನು ಎಳೆದು ಬೀಗ ಹಾಕಿದರೆ ಸಿಗ್ನಲ್ ಕೊಡಬಹುದು. ಹಳಿಯ ಮೇಲೆ ವಾಹನ ಕೆಟ್ಟು ನಿಂತರೆ ಗೇಟ್‌ಮನ್ ಮೊದಲು ಸಿಗ್ನಲ್ಲನ್ನು ಕೆಂಪಾಗಿಸುವ ವ್ಯವಸ್ಥೆ ಮಾಡಬೇಕು. ಆಗದಿದ್ದರೆ ಕೆಂಪು ಬಾವುಟ ಹಿಡಿದು ಗಾಡಿ ಬರುವ ದಿಕ್ಕಿಗೆ ಓಡಬೇಕು. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಡಿಟೊನೇಟರ್‌ಗಳನ್ನು ಹಳಿಗೆ ಕಟ್ಟಬೇಕೆಂಬುದು ನಿಯಮ. ಗಾಲಿಯಡಿ ಅವು ಸಿಡಿದಾಗ ಆ ಸದ್ದಿಗೆ ಲೋಕೋ ಪೈಲಟ್ ಗಾಡಿ ನಿಲ್ಲಿಸುತ್ತಾನೆ. ಒಬ್ಬಂಟಿ ಮನುಷ್ಯ ರಾತ್ರಿ ಪಾಳಿಯಲ್ಲಿ, ಒಂದು ಕಿ.ಮೀ.ಗೂ ಹೆಚ್ಚು ಜಲ್ಲಿಯ ಮೇಲೆ ಓಡಿ ಮಾಡಬೇಕಾದ ಕೆಲಸವಿದು.

1989ರ ರೈಲ್ವೆ ಕಾಯಿದೆಯ 160ನೇ ಕಲಮಿನ ಪ್ರಕಾರ ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಸೆರೆವಾಸ. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದಕ್ಕೆ 147ನೇ ಕಲಮಿದೆ.

ಗೇಟು ತೆಗೆದುಹಾಕುವುದು

ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ ಭಾರತೀಯ ರೈಲ್ವೆ 2019ರ ಜನವರಿ ಕೊನೆಯ ವೇಳೆಗೆ ಇಲ್ಲವಾಗಿಸಿತು. ಕಾವಲಿರುವ ಗೇಟುಗಳು ಇನ್ನೂ ಸುಮಾರು 17,000 ಇವೆ. ಅವುಗಳಲ್ಲಿ ತೆಗೆಯಲು ಅತಿ ಕಷ್ಟವಾದವು ನಿಲ್ದಾಣದ ಬಳಿಯವೇ. ಸುತ್ತ ಪೇಟೆ ಬೆಳೆದಿರುತ್ತದೆ. ಮೇಲ್ಸೇತುವೆಯ ಇಳಿಜಾರಿಗೆ ಜಾಗ ಸಿಗುವುದಿಲ್ಲ. ಸಿಕ್ಕರೆ ಅಂಗಡಿ ಸಾಲುಗಳು ಸೇತುವೆಯ ನೆರಳಿಗೆ ಬೀಳುತ್ತವೆ. ದಾವಣಗೆರೆಯ ಅಶೋಕ ರಸ್ತೆಯ ಗೇಟು ಇದಕ್ಕೆ ಕರ್ನಾಟಕದಲ್ಲಿ ಚೆನ್ನಾಗಿ ಪರಿಚಿತವಾದ ನಿದರ್ಶನ. ನಿಲ್ದಾಣಕ್ಕೆ ಹತ್ತಿರ, ಊರಿನ ಎರಡು ಭಾಗಗಳ ನಡುವೆ ಇದ್ದ ಆ ಗೇಟಿನ ಬದಲಿಗೆ ಬೇರೆ ದಾರಿ ಬೇಕೆಂಬ ಬೇಡಿಕೆ ಬಹಳ ವರ್ಷ ಊರಿನ ಮುಖ್ಯ ಮಾತಾಗಿತ್ತು.

ಜಾಗವಿಲ್ಲದ ಕಡೆ ಕೆಳಸೇತುವೆ ಸುಲಭದ ಆಯ್ಕೆಯಂತೆ ಕಾಣುತ್ತದೆ. ಕಡಿಮೆ ಎತ್ತರದ ಪೆಟ್ಟಿಗೆಯಾಕಾರದ ಕಾಂಕ್ರೀಟ್ ತುಂಡುಗಳನ್ನು ಕೆಲವೇ ಗಂಟೆಗಳಲ್ಲಿ ಹಳಿಯಡಿ ತೂರಿಸಬಹುದು. ಆದರೆ ಅವುಗಳಲ್ಲಿ ಬಸ್ಸು, ಹುಲ್ಲಿನ ಗಾಡಿ ಹೋಗಲಾರವು. ಮಳೆಗಾಲದಲ್ಲಿ ನೀರು ನಿಂತರೆ ಯಾರೂ ಹೋಗಲಾರರು, ಶಾಲೆಯ ಮಕ್ಕಳು ಮತ್ತೆ ಹಳಿ ಹತ್ತಿ ದಾಟುತ್ತಾರೆ. ನಡೆದು ದಾಟುವವರನ್ನು ಟಿವಿಯು ಅಂಕಿ ಎಣಿಸುವುದೇ ಇಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಿಲ್ದಾಣದ ಗೇಟಿನಲ್ಲಿ ಅತಿ ಹೆಚ್ಚು ಇರುವವರು ಅವರೇ: ಗಾಡಿ ಇಳಿದವರು, ತಲೆ ಮೇಲೆ ಬುಟ್ಟಿ ಹೊತ್ತವರು, ಮುದುಕರು. ಗೇಟು ತೆಗೆದು ಸೇತುವೆ ಕಟ್ಟುವಾಗ ಅವರಿಗೆ ಮೆಟ್ಟಿಲಿನ ಜೊತೆ ಇಳಿಜಾರೋ ಲಿಫ್ಟೋ ಇದೆಯೇ, ಪ್ಲಾಟ್‌ಫಾರ್ಮಿನ ಪಾದಚಾರಿ ಸೇತುವೆಯನ್ನು ಊರಿನ ಎರಡೂ ಬದಿಗೆ ಚಾಚಿದ್ದಾರೆಯೇ ಎಂಬುದನ್ನು ಯೋಜನೆಯ ನಕ್ಷೆಯಲ್ಲೇ ನೋಡಬೇಕು. ಹಾಗೆ ಚಾಚಿದ ನಿಲ್ದಾಣಗಳಲ್ಲಿ ಟಿಕೆಟ್ ಇಲ್ಲದವರೂ ಹಳಿಗಿಳಿಯದೆ ಊರಿನ ಆಚೆ ಬದಿಗೆ ಹೋಗುತ್ತಾರೆ.